ಪ್ಯಾಟಿಯೂ ಕಡಲೂ



ಬಿಜೂರು ಎಲ್ಲಿದೆ ಎಂದು ಘಟ್ಟದ ಮೇಲಿನವರು ಕೇಳಿದರೆ ಒಂದೇ ಮಾತಿನಲ್ಲಿ ಹೇಳುವುದು ನನಗೆ ಇವತ್ತಿಗೂ ಸಾಧ್ಯವಾಗಿಲ್ಲ. 'ಬೈಂದೂರು ಗೊತ್ತಲ್ಲ, ಅದಕ್ಕಿಂತ ಸ್ವಲ್ಪ ಈಚೆ' ಎನ್ನುತ್ತೇನೆ. ಗೊತ್ತಿಲ್ಲವೆಂದರೆ 'ಉಪ್ಪುಂದದ ಹತ್ತಿರ', ಅದೂ ಗೊತ್ತಿಲ್ಲವೆಂದರೆ 'ಕುಂದಾಪುರದಿಂದ ಆಚೆ'. ಎಲ್ಲ ಸೋತ ಮೇಲೆ, 'ಒಂದು ಪಕ್ಕ ಸಮುದ್ರ, ಒಂದು ಪಕ್ಕ ಹೊಳೆ, ನಡುವೆ ರಸ್ತೆ ಉಂಟಲ್ಲ, ಆ ಮರವಂತೆ ದಾಟಿದ ಮೇಲೆ' ಎಂದರೆ ಸಾಕು, ಮುಖ ಅರಳುತ್ತದೆ. 'ಓ, ಅಲ್ಲಿ ನಾವು ಕಾರು ನಿಲ್ಲಿಸಿ ಫೋಟೋ ತೆಗೆದಿದ್ದೇವೆ!'

ನನ್ನ ಅಜ್ಜಿಯ ಕಾಲದಲ್ಲಿ ಹೀಗೆ ಗುರುತು ಹೇಳಿದ್ದರೆ ಯಾರಾದರೂ ನಗುತ್ತಿದ್ದರು. ಊರಿನ ಗುರುತೆಂದರೆ ದೇವಸ್ಥಾನ, ಸಂತೆ, ಕಡವು, ಪೇಟೆ. ಕಡಲು ಯಾವ ಊರಿನ ಗುರುತೂ ಅಲ್ಲ. ಪಡುವಣಕ್ಕೆ ಹೋದರೆ ಎಲ್ಲ ಊರಿಗೂ ಇದ್ದದ್ದೇ. ಇವತ್ತು ಪೇಟೆ ಹಿಂದೆ ಸರಿದು ಕಡಲು ಮುಂದೆ ಬಂದಿದೆ. ಅದು ಹೇಗಾಯಿತು ಎಂಬುದೇ ಈ ಹೊತ್ತಿನ ಮಾತು.

ಮೊದಲು ಪೇಟೆ. 'ಪ್ಯಾಟಿಗ್ ಹೋಯ್ ಬತ್ತೆ' ಎಂದು ನಮ್ಮ ಕುಂದಾಪ್ರ ಕನ್ನಡದಲ್ಲಿ ಹೇಳುವಾಗ ಯಾವ ಪ್ಯಾಟಿ ಎಂದು ಹೆಸರಿಸುವುದಿಲ್ಲ. ಉಪ್ಪು ಮೆಣಸಿಗಾದರೆ ಬೈಂದೂರು. ಮದುವೆಯ ಜವಳಿ, ಕೋರ್ಟು ಕಚೇರಿ ಎಂದಾದರೆ ಕುಂದಾಪುರ. ಕೇಳುವವರಿಗೆ ಹೊರಟವರ ಕೈಯ ಚೀಲ ನೋಡಿದರೇ ತಿಳಿಯುತ್ತಿತ್ತು.

ಆದರೆ ಈ ಎರಡೂ ನಮ್ಮ ಸೀಮೆಯ ಆದಿಪೇಟೆಗಳಲ್ಲ. ಹಳೆಯ ದೊಡ್ಡ ಪೇಟೆಗಳು ಬಾರಕೂರು ಮತ್ತು ಬಸ್ರೂರು. ಒಂದು ಸಂಗತಿ ಗಮನಿಸಿ: ಎರಡೂ ರೇವುಪಟ್ಟಣಗಳೇ, ಆದರೆ ಎರಡೂ ಕಡಲ ದಂಡೆಯಲ್ಲಿಲ್ಲ. ಅಳಿವೆಯಿಂದ ಒಳಕ್ಕೆ, ಹೊಳೆಯ ಮಗ್ಗುಲಲ್ಲಿ ಕುಳಿತಿವೆ. ಬಾರಕೂರು ಸೀತಾನದಿಯ ಬಳಿ, ಬಸ್ರೂರು ವಾರಾಹಿಯ ದಂಡೆಯಲ್ಲಿ. ಕಡಲ ಮೇಲೆ ಬದುಕುತ್ತಿದ್ದವರು ಕಡಲಿಂದ ದೂರ ಮನೆ ಕಟ್ಟಿದರು. ನಮ್ಮ ಮಳೆಗಾಲ ಕಂಡವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಜೂನಿನಲ್ಲಿ ಅಳಿವೆ ಬಾಯಿ ಕಟ್ಟಿತೆಂದರೆ ಹಡಗಿಗೆ ಹೊರಗೆ ನೆಲೆಯಿಲ್ಲ. ಒಳಹೊಳೆಯಲ್ಲಿ ಹಲಗೆ ತೇಲಿಸಿದರೂ ನಿಲ್ಲುತ್ತದೆ. ಘಟ್ಟದಿಂದ ಎತ್ತಿನ ಬೆನ್ನೇರಿ ಇಳಿದ ಮೆಣಸು ಅಡಿಕೆಗೂ ಹೊಳೆಯ ದಡವೇ ಹತ್ತಿರ.

ಹದಿನಾಲ್ಕನೆಯ ಶತಮಾನದಲ್ಲಿ ಈ ದಾರಿಯಲ್ಲಿ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಎರಡೂ ಊರುಗಳನ್ನು ಹೆಸರಿಸಿದ್ದಾನೆ. ಅವನ ನಾಲಗೆಯಲ್ಲಿ ಬಸ್ರೂರು 'ಅಬು ಸರೂರ್' ಆಯಿತು, ಬಾರಕೂರು 'ಫಾಕನೂರ್'. ಫಾಕನೂರಿನಲ್ಲಿ ಅವನ ಕಣ್ಣಿಗೆ ಬಿದ್ದದ್ದು ಕಬ್ಬು. ಇಂಥ ಕಬ್ಬು ಈ ನಾಡಿನಲ್ಲಿ ಬೇರೆಲ್ಲೂ ಇಲ್ಲ ಎಂದು ಹೊಗಳಿದ್ದಾನೆ. ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋದ ಹೊಸ ಮದುಮಕ್ಕಳು ಕಬ್ಬಿನ ಜಲ್ಲೆ ಹಿಡಿದು ಮನೆಗೆ ಬರುವುದನ್ನು ನೋಡುವಾಗೆಲ್ಲ ನನಗೆ ಆ ಮೊರಾಕೊದ ಮನುಷ್ಯ ನೆನಪಾಗುತ್ತಾನೆ. ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂದದ್ದೂ ಆಯಿತು, ಮುಚ್ಚಿದ್ದೂ ಆಯಿತು. ಕೊಡಿ ಹಬ್ಬದ ಕಬ್ಬು ಮಾತ್ರ ನಿಂತಿಲ್ಲ.

ಸುಮಾರು 1516ರ ಹೊತ್ತಿಗೆ ಬರೆದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾನಿಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಅಕ್ಕಿ. ಮಲಬಾರಿನಿಂದ, ಹೋರ್ಮುಜ್, ಏಡನ್‌ಗಳಿಂದ ಹಡಗುಗಳು ಬಂದು ಬಾರಕೂರು ಬಸ್ರೂರುಗಳ ಅಕ್ಕಿ ತುಂಬಿಸಿಕೊಳ್ಳುತ್ತಿದ್ದವು. ಇಲ್ಲಿಗೆ ಇಳಿಯುತ್ತಿದ್ದದ್ದು ಕುದುರೆ. ಅಕ್ಕಿಯ ಮುಡಿ ಕಟ್ಟುವುದನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಭತ್ತದ ಹುಲ್ಲಿನ ಹಗ್ಗ ಹೊಸೆದು, ಹುಲ್ಲನ್ನೇ ಚೀಲ ಮಾಡಿ, ಚೆಂಡಿನಂತೆ ಬಿಗಿದು ಕಟ್ಟುವ ಆ ಮುಡಿಗೆ 42 ಸೇರಿನ ಲೆಕ್ಕ. ತೇವ ತಾಗದು, ಹುಳ ಹಿಡಿಯದು, ಉರುಳಿಸಿದರೆ ಉರುಳುತ್ತದೆ. ಹಡಗಿನ ಹೊಟ್ಟೆಗೆ ಇದಕ್ಕಿಂತ ಒಳ್ಳೆಯ ಪೆಟ್ಟಿಗೆಯನ್ನು ಯಾರೂ ಕಂಡುಹಿಡಿದಿರಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ನಮ್ಮವರೆಂಬ ಅಭಿಮಾನ ಸ್ವಲ್ಪ ಬೆರೆತಿರಬಹುದು, ಕ್ಷಮಿಸಿ.

ಬಸ್ರೂರಿಗೆ ಹೋದವರು ದೇವಸ್ಥಾನ ನೋಡಿ ಹಿಂತಿರುಗುತ್ತಾರೆ. ನೋಡಬೇಕಾದದ್ದು ಕೇರಿಗಳನ್ನು: ಮೂಡುಕೇರಿ, ಪಡುಕೇರಿ, ಮಂಡಿಕೇರಿ. ಮಂಡಿ ಎಂದರೆ ಸಗಟು ವ್ಯಾಪಾರದ ಅಂಗಡಿ. ವ್ಯಾಪಾರ ಹೋಗಿ ಶತಮಾನಗಳಾದವು, ಹೆಸರು ಮಾತ್ರ ಬಾಗಿಲು ಹಾಕಿಲ್ಲ. 1569ರಲ್ಲಿ ಪೋರ್ಚುಗೀಸರು ಹೊಳೆಯ ಕೆಳಗಡೆ ಕೋಟೆ ಹಿಡಿದು ಕೂತ ಮೇಲೆ ಬಸ್ರೂರು ಎರಡಾಯಿತು: ಊರವರ 'ಮೇಲಣ ಬಸ್ರೂರು', ಕೋಟೆಯವರ 'ಕೆಳಗಣ ಬಸ್ರೂರು'. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಯ ನಾಯಕರ ನಾಡು ನೋಡಿಕೊಂಡು ಈ ಕಡೆ ಬಂದಿದ್ದ. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಪಡೆಯೊಂದಿಗೆ ಕಡಲದಾರಿಯಲ್ಲಿ ಬಂದು ಪೇಟೆಯನ್ನು ಸೂರೆ ಮಾಡಿದ. ಅಷ್ಟು ದೂರದಿಂದ ಸೂರೆಗೆ ಬರಬೇಕಾದರೆ ಸೂರೆ ಮಾಡುವಷ್ಟು ಅಲ್ಲಿತ್ತು ಎಂದೇ ಅರ್ಥವಲ್ಲವೇ?

1763ರಲ್ಲಿ ಇಕ್ಕೇರಿಯ ನಾಯಕರ ಬಿದನೂರು ಹೈದರಲಿಯ ಕೈಸೇರಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕನ್ನಡ ಜಿಲ್ಲೆ ಕಂಪನಿ ಸರಕಾರಕ್ಕೆ ಬಂತು. 1801ರಲ್ಲಿ ಆ ಕಂಪನಿಯ ಫ್ರಾನ್ಸಿಸ್ ಬುಕಾನನ್ ನಮ್ಮ ಈ ದಾರಿಯನ್ನೇ ಹಿಡಿದು ಕುಂದಾಪುರ, ಬೈಂದೂರು ದಾಟಿ ಭಟ್ಕಳದ ಕಡೆ ಹೋದ. ಅಷ್ಟರೊಳಗೆ ಪೇಟೆ ಹೊಳೆಯುದ್ದಕ್ಕೂ ಕೆಳಗೆ ಜಾರಿ ಅಳಿವೆಯ ಬಾಯಿಗೆ ಬಂದಿತ್ತು. ಸೌಪರ್ಣಿಕಾ, ವಾರಾಹಿ, ಚಕ್ರ, ಕೇದಕ, ಕುಬ್ಜ, ಈ ಐದು ಹೊಳೆಗಳು ಕೂಡಿ ಕಡಲು ಸೇರುವಲ್ಲಿ ಒಂದು ದಡಕ್ಕೆ ಗಂಗೊಳ್ಳಿ, ಇನ್ನೊಂದು ದಡಕ್ಕೆ ಕುಂದಾಪುರ. ಗಂಗೊಳ್ಳಿಗೆ ಬಂದರು ಉಳಿಯಿತು, ಕುಂದಾಪುರಕ್ಕೆ ಕಚೇರಿ ಬಂತು. ಬ್ರಿಟಿಷರ ಕಾಲದಲ್ಲಿ ಕಚೇರಿ ಇದ್ದಲ್ಲಿ ವಕೀಲ, ವಕೀಲನಿದ್ದಲ್ಲಿ ಕಕ್ಷಿಗಾರ, ಕಕ್ಷಿಗಾರನಿದ್ದಲ್ಲಿ ಹೋಟೆಲು. ಪೇಟೆ ಬೆಳೆಯಲು ಇನ್ನೇನು ಬೇಕು!

ಹೋಟೆಲಿನ ಮಾತು ಬಂತು. ನಮ್ಮವರು ಊರಿನಲ್ಲಿ ಕಟ್ಟಿದ ಪೇಟೆಗಿಂತ ಪರಊರಿನಲ್ಲಿ ಕಟ್ಟಿದ್ದೇ ಹೆಚ್ಚು. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬೇ ಮುಂದೆ ಮಾವಳ್ಳಿ ಟಿಫಿನ್ ರೂಮ್ ಆದದ್ದು. ಬಿಜೂರು, ಉಪ್ಪುಂದ, ನಾವುಂದದ ಕಡೆಯ ಎಷ್ಟೋ ಹುಡುಗರು ಹೀಗೆಯೇ ಲೋಟ ತೊಳೆಯಲು ಹೋಗಿ ಗಲ್ಲಾ ಪೆಟ್ಟಿಗೆಯ ಹಿಂದೆ ಕುಳಿತರು. ನಮ್ಮ ಹತ್ತಿರದ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರೂ ಊರು ಬಿಟ್ಟೇ ಹೋದವರು. ಅವರದ್ದು ಕಾವ್ಯದ ದಾರಿ, ಅದು ಬೇರೆ ಮಾತು.

ಊರಿಗೆ ಬರೋಣ. ಕನ್ನಡ ಜಿಲ್ಲೆಯನ್ನು ಎರಡು ಮಾಡಿ 1862ರಲ್ಲಿ ಉತ್ತರಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದಾಗ ಕುಂದಾಪುರ ತಾಲೂಕು ಮದ್ರಾಸಿಗೇ ಉಳಿಯಿತು. ಶಿರೂರು ದಾಟಿದರೆ ಮುಂಬಯಿ! 1956ರ ನವೆಂಬರ್ 1ರವರೆಗೂ ಇದೇ ಸ್ಥಿತಿ. ಬೈಂದೂರು ಒಂದು ಪ್ರಾಂತದ ಕಟ್ಟಕಡೆಯ ಪೇಟೆಯಾಗಿ, ಬಿಜೂರು ಆ ಕಡೆಯ ಪೇಟೆಗೂ ಹೋಗಿಬರುವ ಹಳ್ಳಿಯಾಗಿ, ತೊಂಬತ್ತಕ್ಕೂ ಹೆಚ್ಚು ವರ್ಷ ಕಳೆದವು. ಬಿಜೂರಿನಿಂದ ಕುಂದಾಪುರಕ್ಕೆ 25 ಕಿಲೋಮೀಟರಿನ ಆಸುಪಾಸು. ಆರಾಟೆ, ರಾಜಾಡಿಗಳಲ್ಲಿ ಸೇತುವೆ ಆಗುವ ಮೊದಲು ಆ ದಾರಿಯಲ್ಲಿ ಹೊಳೆಗಳಿಗೆ ದೋಣಿಯೇ ಗತಿ. ಅಜ್ಜಿ ಹೇಳುತ್ತಿದ್ದಳು: ಪ್ಯಾಟಿಗೆ ಹೋಗುವ ಖರ್ಚಿನಲ್ಲಿ ದೋಣಿಗೇ ಅರ್ಧ, ಕಾಯುವುದರಲ್ಲಿ ಹಗಲೇ ಅರ್ಧ. ಸೇತುವೆಯಾದ ಮೇಲೆ ಪೇಟೆ ಮತ್ತೊಮ್ಮೆ ಎದ್ದು ಹೊರಟಿತು. ಈ ಸಲ ಹೊಳೆ ಬಿಟ್ಟು ಡಾಮರು ರಸ್ತೆಗೆ. ಕಡವಿನ ಬಾಯಿಯ ಅಂಗಡಿ ಬಸ್‌ಸ್ಟ್ಯಾಂಡಿನ ಬಾಯಿಗೆ ಬಂತು. ಕುಂದಾಪುರದ ಶನಿವಾರದ ಸಂತೆಗೆ ಇವತ್ತು ಘಟ್ಟದ ಮೇಲಿನ ತರಕಾರಿ ಲಾರಿಯಲ್ಲಿ ಬರುತ್ತದೆ. ಹಿಂದೆ ಅಕ್ಕಿ ಹೋಗುತ್ತಿದ್ದ ದಾರಿಯಲ್ಲಿ ಈಗ ಅಕ್ಕಿಯೂ ಬರುತ್ತದೆ.

ಇನ್ನು ಕಡಲು. ದಂಡೆಗೆ ಜನ ಬರುವುದು ಹೇಗೆಂದು ನೋಡಲು ಸ್ವಲ್ಪ ದೂರ, ಇಂಗ್ಲೆಂಡಿನವರೆಗೆ ಹೋಗಿ ಬರೋಣ. ಅಲ್ಲಿ ಲಿಂಕನ್‌ಶೈರ್ ಎಂಬ ಬೇಸಾಯದ ಸೀಮೆಯುಂಟು. ಲೌತ್, ಹಾರ್ನ್‌ಕಾಸಲ್ ಅಲ್ಲಿನ ಸಂತೆಯ ಊರುಗಳು. ಕಡಲ ಬದಿಗೆ ಸ್ಕೆಗ್ನೆಸ್ ಎಂಬ ಸಣ್ಣ ಮೀನುಗಾರರ ಊರಿತ್ತು. 1871ರಲ್ಲಿ ಬ್ಯಾಂಕುಗಳಿಗೆ ರಜೆ ಕೊಡುವ ಕಾಯಿದೆ ಬಂತು, 1873ರಲ್ಲಿ ಸ್ಕೆಗ್ನೆಸ್‌ಗೆ ರೈಲು ಬಂತು. ರಜೆ ಮತ್ತು ರೈಲು ಕೂಡಿದ್ದೇ ತಡ, ಊರು ಜಾತ್ರೆಯಾಯಿತು. 1908ರಲ್ಲಿ ರೈಲು ಕಂಪನಿ ಮರಳಿನ ಮೇಲೆ ಕುಣಿಯುವ ಮೀನುಗಾರನ ಚಿತ್ರ ಬರೆಸಿ ನಿಲ್ದಾಣಗಳಲ್ಲಿ ಅಂಟಿಸಿತು. ಅದಕ್ಕೂ ಒಂದೂವರೆ ಶತಮಾನ ಮೊದಲೇ ಇಂಗ್ಲೆಂಡಿನ ಸಿರಿವಂತರು ಕಡಲಲ್ಲಿ ಮುಳುಗು ಹಾಕಲು ಕಲಿತಿದ್ದರು. ಕಲಿಸಿದವರು ವೈದ್ಯರು, 1750ರ ಸುಮಾರಿಗೆ ರಿಚರ್ಡ್ ರಸೆಲ್ ಎಂಬ ಡಾಕ್ಟರು ಉಪ್ಪುನೀರಿನ ಸ್ನಾನವೇ ಮದ್ದು ಎಂದು ಪುಸ್ತಕ ಬರೆದಿದ್ದರು.

ನಮ್ಮಲ್ಲೂ ಸಮುದ್ರಸ್ನಾನ ಇದ್ದೇ ಇತ್ತು. ಅಲ್ಲಿ ಡಾಕ್ಟರು ಬರೆದುಕೊಟ್ಟದ್ದನ್ನು ಇಲ್ಲಿ ಪಂಚಾಂಗ ಬರೆದುಕೊಟ್ಟಿತು, ಅಷ್ಟೇ ವ್ಯತ್ಯಾಸ. ಆಸಾಡಿ ಅಮಾಸೆಯ ದಿನ ಮರವಂತೆಯ ಮಹಾರಾಜಸ್ವಾಮಿ ದೇವಸ್ಥಾನದಲ್ಲಿ ಜಾತ್ರೆ. ಎದುರಿಗೆ ಕಡಲು, ಹಿಂದೆ ಸೌಪರ್ಣಿಕೆ. ಕಡಲನ್ನು ಮುಟ್ಟಿಯೇ ಬಿಟ್ಟಿತು ಎನ್ನುವಷ್ಟು ಹತ್ತಿರ ಬಂದ ಆ ಹೊಳೆ ಏನೋ ಮರೆತವಳಂತೆ ತಿರುಗಿ, ಸುಮಾರು 10 ಕಿಲೋಮೀಟರು ತೆಂಕಣಕ್ಕೆ ಹರಿದು, ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ಜೋರು ಮಳೆ, ಅಬ್ಬರದ ತೆರೆ, ಹೊಸದಾಗಿ ಮದುವೆಯಾದವರು, ಕೊಡೆ, ಬಳೆಯಂಗಡಿ, ಕೆಸರು. 2019ರಿಂದ ಅದೇ ದಿನವನ್ನು ವಿಶ್ವ ಕುಂದಾಪ್ರ ಕನ್ನಡ ದಿನವೆಂದೂ ಆಚರಿಸುತ್ತಾರೆ. ನೋಡಿ, ಜಗತ್ತಿನಲ್ಲಿ ಯಾರೂ ಕಡಲ ಹತ್ತಿರ ಸುಳಿಯದ ಕಾಲದಲ್ಲಿ ನಾವು ಸ್ನಾನಕ್ಕೆ ಇಳಿಯುತ್ತೇವೆ. ಜಗತ್ತೆಲ್ಲ ಇಳಿಯುವ ಬಿಸಿಲುಗಾಲದಲ್ಲಿ ನಮಗೆ ಕಡಲೆಂದರೆ ಬೈಗೆ, ಬಂಗ್ಡೆ, ಬಲೆ.

ಅದಕ್ಕೇ ನಮ್ಮ ಕಡೆಯ ಹಳೆ ಮನೆಗಳು ಮೂಡುಮುಖ. ಕಡಲಿಗೆ ಹಿತ್ತಲು, ಕಡಲಿಗೆ ಹಟ್ಟಿ. ದಂಡೆ ಎಂದರೆ ರಂಪಣಿ ಎಳೆಯುವ ಜಾಗ. ಹತ್ತಾರು ಮಂದಿ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದ ಆ ದೊಡ್ಡ ಬಲೆಯನ್ನು 1970ರ ದಶಕದಲ್ಲಿ ಬಂದ ಪರ್ಸೀನ್ ದೋಣಿಗಳು ಮೂಲೆಗೆ ಸರಿಸಿದವು. ಮೀನು ದಂಡೆ ಬಿಟ್ಟು ಗಂಗೊಳ್ಳಿ, ಕೊಡೇರಿಗಳ ಬಂದರಿಗೆ ಹೋಯಿತು. ನನ್ನ ಎಣಿಕೆಯಲ್ಲಿ ಬೀಚು ಹುಟ್ಟಿದ್ದು ಆಗ. ದುಡಿಮೆ ಖಾಲಿ ಮಾಡಿಕೊಟ್ಟ ಜಾಗಕ್ಕೆ ವಿಹಾರ ಬಂದು ಕೂತಿತು.

ಸ್ಕೆಗ್ನೆಸ್‌ಗೆ ರೈಲು ಬಂದ 125 ವರ್ಷಗಳ ನಂತರ, 1998ರ ಜನವರಿ 26ರಂದು, ಕೊಂಕಣ ರೈಲು ಪೂರ್ತಿ ತೆರೆಯಿತು. 741 ಕಿಲೋಮೀಟರಿನ ಆ ದಾರಿಯಲ್ಲಿ ಬಿಜೂರು ಎಂಬ ಹಳದಿ ಬೋರ್ಡೂ ಒಂದು. ಆದರೆ ನಮ್ಮ ರೈಲು ಕಡಲಿಗೆ ಜನ ತರಲಿಲ್ಲ. ಬೈಂದೂರು ನಿಲ್ದಾಣದ ಹೆಸರೇ ಮೂಕಾಂಬಿಕಾ ರೋಡ್. ಇಳಿದವರು ಪಡುವಣಕ್ಕಲ್ಲ, ಮೂಡಣಕ್ಕೆ, ಕೊಲ್ಲೂರಿಗೆ ಹೋಗುತ್ತಾರೆ. ರೈಲು ಹೆಚ್ಚಾಗಿ ನಮ್ಮವರನ್ನೇ ಮುಂಬಯಿಗೆ ಒಯ್ದು, ಹಬ್ಬಕ್ಕೆ ವಾಪಸು ತಂದು ಬಿಡುತ್ತದೆ. ಬೀಚಿಗೆ ಜನ ತಂದದ್ದು ಕಾರು, ಅಗಲವಾದ ಹೆದ್ದಾರಿ, ಮತ್ತೆ ಮೊಬೈಲ್ ಕ್ಯಾಮೆರಾ. 2018ರಲ್ಲಿ ಬೈಂದೂರು ತಾನೇ ತಾಲೂಕಾಯಿತು. ಒತ್ತಿನೆಣೆಯ ಗುಡ್ಡದ ಮೇಲಿನ ಕ್ಷಿತಿಜ ನೇಸರಧಾಮದಲ್ಲೂ ಸೋಮೇಶ್ವರದ ದಂಡೆಯಲ್ಲೂ ಸಂಜೆ ಜನವೋ ಜನ. ತಿನ್ನುವುದಕ್ಕೆ ಕುಂದಾಪುರದ್ದೇ ಆದ ಚಿಕನ್ ಘೀ ರೋಸ್ಟ್ ಇದೆ. ಸ್ಕೆಗ್ನೆಸ್‌ನಂಥ ಸಾಲುಮಹಲು ಇಲ್ಲಿ ಎದ್ದಿಲ್ಲ. 1991ರಿಂದ ಕಡಲತೀರ ನಿಯಂತ್ರಣ ವಲಯದ ಕಟ್ಟಳೆ ತಡೆದು ನಿಲ್ಲಿಸಿದೆ. ಅದಕ್ಕಿಂತ ಗಟ್ಟಿಯಾಗಿ ಕಡಲೇ ತಡೆದಿದೆ. ಮರವಂತೆಯಲ್ಲಿ ಸುರಿದ ಬಂಡೆಗಳ ರಾಶಿ ನೋಡಿದರೆ ರಸ್ತೆ ಉಳಿಸಿಕೊಳ್ಳುವುದೇ ಎಷ್ಟು ಕಷ್ಟವೆಂದು ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಿಂದ ಅಷ್ಟು ದೂರದಲ್ಲಿ ಒಬ್ಬರು ಹೋಂಸ್ಟೇ ಕಟ್ಟಿದರು. ಜಗಲಿ ಪಡುವಣಕ್ಕೆ, ಕಿಟಕಿ ಪಡುವಣಕ್ಕೆ, ಗೋಡೆಯಷ್ಟು ದೊಡ್ಡ ಗಾಜು. ಆಗ ಅಜ್ಜಿಗೆ ತೊಂಬತ್ತರ ಹತ್ತಿರ. ಕೋಲೂರಿಕೊಂಡು ನೋಡಲು ಬಂದಳು. ಗಾಜನ್ನು ಬೆರಳಿನಿಂದ ತಟ್ಟಿ, ಕಡಲನ್ನೊಮ್ಮೆ ನೋಡಿ, 'ಮಳ್ಗಾಲ್ದಗೆ ಎಂತ ಮಾಡ್ತ್ರಿ?' ಎಂದು ಕೇಳಿದಳು.

'ಮಳ್ಗಾಲ್ದಗೆ ಬಾಡ್ಗಿ ಅರ್ಧ, ಅಮ್ಮ' ಎಂದರು ಅವರು.