ಇಂದೋರಿನ ಬಸ್ಸು, ನಮ್ಮ ಕೊಟ್ಟಿಗೆಯ ಸಗಣಿ

(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಪ್ರದೇಶದ ಇಂದೋರ್ ನಗರದಲ್ಲಿ ಅಡುಗೆಮನೆಯ ಕಸದಿಂದ ಬಸ್ಸು ಓಡಿಸುತ್ತಾರೆಂದರೆ ತಾವು ನಗಬಹುದು. ದಿನಕ್ಕೆ 550 ಟನ್ ಹಸಿ ಕಸದಿಂದ ಸುಮಾರು 17,000 ಕಿಲೋ ಅನಿಲ ತಯಾರಿಸಬಲ್ಲ ಸ್ಥಾವರ ಅಲ್ಲಿ 2022ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ನನ್ನ ದೃಷ್ಟಿಯಲ್ಲಿ ಯಂತ್ರಕ್ಕಿಂತ ದೊಡ್ಡ ಕೆಲಸ ಮಾಡಿದವರು ಆ ಊರಿನ ಮನೆಯವರು. ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗದಿದ್ದರೆ ಅಂಥ ಸ್ಥಾವರ ನಡೆಯದು. ಒಬ್ಬರ ಹುಳಿ ಹಾಲು ಇಡೀ ಕ್ಯಾನನ್ನು ಕೆಡಿಸುವುದನ್ನು ಬಲ್ಲ ತಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಗರದವರು ಬೀದಿ ಬೀದಿ ಸುತ್ತಿ ಕಸ ತರಬೇಕು. ನಮಗೆ ಸಗಣಿ ಕೊಟ್ಟಿಗೆಯಲ್ಲೇ ಇದೆ. ನಾಲ್ಕೈದು ರಾಸುಗಳ ಸುಮಾರು 50 ಕಿಲೋ ಸಗಣಿಗೆ ಅಷ್ಟೇ ನೀರು ಬೆರೆಸಿ ದಿನವೂ ಹಾಕಿದರೆ, 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರ ಒಂದು ಸಂಸಾರದ ಅಡುಗೆಗೆ ಸಾಕು. ಸೌದೆಯೂ ಉಳಿಯಿತು, ಹೊಗೆಯೂ ತಪ್ಪಿತು. ಹೊರಬಂದ ಬಗ್ಗಡ ಮೇವಿನ ಹೊಲಕ್ಕೆ ಗೊಬ್ಬರ.

ಹಾಗಿದ್ದೂ ಕಟ್ಟಿಸಿದ ಸ್ಥಾವರಗಳು ಕೆಲವೆಡೆ ಪಾಳು ಬಿದ್ದಿವೆ. ತಮ್ಮ ಮನೆಯದನ್ನೊಮ್ಮೆ ನೋಡಿ. ಒಲೆಯ ಉರಿ ಕುಣಿಯುತ್ತಿದ್ದರೆ ಕೊಳವೆಯಲ್ಲಿ ನೀರು ನಿಂತಿರಬಹುದು, ಅದನ್ನು ಬಸಿದುಬಿಡಿ. ಕೊಟ್ಟಿಗೆಯನ್ನು ಫಿನಾಯಿಲ್ ಹಾಕಿ ತೊಳೆದ ನೀರನ್ನು ಮಾತ್ರ ಸ್ಥಾವರಕ್ಕೆ ಬಿಡಬೇಡಿ, ಅನಿಲ ಮಾಡುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ.