ಒಂದೇ ಆಕಳು, ಮೂರು ಲೆಕ್ಕ
(ಸಂಘಗಳ ಕಾರ್ಯದರ್ಶಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಮ್ಮ ಹೈನದ ಲೆಕ್ಕ ಮೂರು ತಂತ್ರಾಂಶಗಳಲ್ಲಿದೆ. ಸಂಘದ ಗಣಕಯಂತ್ರವು ಸದಸ್ಯರ ಸಂಖ್ಯೆಯ ಮೇಲೆ ಹಾಲಿನ ಅಳತೆ, ಜಿಡ್ಡು ಬರೆದುಕೊಳ್ಳುತ್ತದೆ. ರಾಜ್ಯದ 'ಫ್ರೂಟ್ಸ್' ರೈತರನ್ನು ಗುರುತಿಸುತ್ತದೆ. ಕೇಂದ್ರದ 'ಭಾರತ್ ಪಶುಧನ್' 12 ಅಂಕಿಯ ಕಿವಿಯೋಲೆಯ ಮೇಲೆ ಆಕಳು, ಎಮ್ಮೆಗಳನ್ನು ಗುರುತಿಸಿ ಲಸಿಕೆ, ಗರ್ಭಧಾರಣೆ ದಾಖಲಿಸುತ್ತದೆ.

ರೈತರ ಹೆಸರು, ಊರು, ಫೋನ್ ಸಂಖ್ಯೆಯನ್ನು ಮೂರರಲ್ಲಿಯೂ ಬರೆಯುತ್ತೇವೆ. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸವರಾಜ ಎಂದಾದರೆ ಅಲ್ಲಿಯೇ ತೊಡಕು. ಆದರೆ ಯಾವ ಆಕಳು ಎಷ್ಟು ಹಿಂಡಿತೆಂಬುದು ಸಂಘದ ಯಂತ್ರಕ್ಕೆ ತಿಳಿಯದು. ಮನೆಯ ಹಾಲೆಲ್ಲ ಒಂದೇ ಕ್ಯಾನಿನಲ್ಲಿ ಬರುತ್ತದೆ. ಹೀಗಾದರೆ ಯಾವ ಆಕಳಿನ ಕರು ಸಾಕಬೇಕೆಂದು ನಿರ್ಧರಿಸುವುದು ಹೇಗೆ?

ಇನ್ನೊಂದು ಕೊರತೆ ಹೆಚ್ಚು ನಷ್ಟದ್ದು. ಕಲಘಟಗಿಯಲ್ಲಿ ಮಾರಿದ ಆಕಳು ನವಲಗುಂದದ ಕೊಟ್ಟಿಗೆ ಸೇರಿದರೂ, ಯಾರೂ ತಿಳಿಸದಿದ್ದರೆ ದಾಖಲೆಯಲ್ಲಿ ಹಳೆಯ ಮಾಲೀಕರ ಹೆಸರಿನಲ್ಲಿಯೇ ಉಳಿಯುತ್ತದೆ. ಓಲೆ ಬಿದ್ದುಹೋದರೂ ಹಾಗೆಯೇ. ಆಕಳು ಸತ್ತಾಗ ವಿಮೆ ಪತ್ರದ ಸಂಖ್ಯೆ ಹೊಂದದಿದ್ದರೆ ಪರಿಹಾರ ಸಿಗುವುದು ಕಷ್ಟ.

ಉಪಾಯ ಸರಳ. ಪ್ರತಿ ಸಂಘ ಒಂದು ವಹಿ ಇಡಲಿ: ಸದಸ್ಯರ ಸಂಖ್ಯೆ, ಫ್ರೂಟ್ಸ್ ಸಂಖ್ಯೆ, ಕಿವಿಯೋಲೆ ಸಂಖ್ಯೆ, ಈದ ದಿನ, ಕೊಂಡದ್ದು, ಮಾರಿದ್ದು. ತಿಂಗಳಿಗೊಂದು ದಿನ ಮುಂಜಾನೆ, ಸಂಜೆ ಪ್ರತಿ ಆಕಳಿನ ಹಾಲು ಬೇರೆ ಅಳೆದು ಅದರಲ್ಲಿಯೇ ಬರೆಯಿರಿ. ಬಟವಡೆಯ ದಿನ ವಹಿಯನ್ನು ಸದಸ್ಯರಿಗೆ ಓದಿ ತೋರಿಸಿ ತಪ್ಪು ತಿದ್ದಿರಿ. ಮಾಲೀಕರು ಬದಲಾದರೆ, ಓಲೆ ಬಿದ್ದರೆ, ಆ ವಾರವೇ ಪಶು ಆಸ್ಪತ್ರೆಗೆ ತಿಳಿಸಿರಿ.

ಮೂರು ಯಂತ್ರಗಳು ಒಂದಾಗುವವರೆಗೆ ಈ ವಹಿಯೇ ಅವುಗಳ ಕೊಂಡಿ.