ದೇವರಾಜ ಅರಸರ ಸಮಾಜವಾದ: ಒಂದು ಅಳತೆ



ಈ ದತ್ತಿಯನ್ನು ಸ್ಥಾಪಿಸಿದ ಹಿರಿಯರ ಇಚ್ಛೆ ಇಷ್ಟು: ಇಲ್ಲಿ ಮಾತನಾಡುವವನು ಕನ್ನಡನಾಡಿನ ಸಾರ್ವಜನಿಕ ಜೀವನದ ಯಾವುದಾದರೊಂದು ವಿಷಯವನ್ನು ಎತ್ತಿಕೊಂಡು, ಸ್ತುತಿಗೂ ನಿಂದೆಗೂ ಎಡೆಗೊಡದೆ, ತನಗೆ ಕಂಡದ್ದನ್ನು ಅರಿಕೆಮಾಡತಕ್ಕದ್ದು. ಆ ಇಚ್ಛೆಗೆ ತಲೆಬಾಗಿ ನಾನು ಆರಿಸಿಕೊಂಡಿರುವುದು ಡಿ. ದೇವರಾಜ ಅರಸರನ್ನು. ಅವರ ಜೀವನಚರಿತ್ರೆಯನ್ನು ಹೇಳಲು ನಾನು ಬಂದಿಲ್ಲ. ಅವರ ಹೆಸರಿನ ಹಿಂದೆಯೇ ನಡೆದುಬರುತ್ತಿರುವ ‘ಸಮಾಜವಾದಿ’ ಎಂಬ ಬಿರುದಿಗೂ ಅವರು ಬಿಟ್ಟುಹೋದ ಕಾರ್ಯಗಳಿಗೂ ಎಷ್ಟರ ಮಟ್ಟಿಗೆ ಹೊಂದಿಕೆಯುಂಟು ಎಂಬ ಒಂದೇ ಪ್ರಶ್ನೆಯನ್ನು ತಮ್ಮ ಮುಂದಿಡುವೆನು.

ಅರಸರ ಋಣ ನನ್ನ ಮೇಲಿದೆಯೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿದ ನಾನು, ಅವರು ತಂದ ಕಾನೂನಿನಿಂದ ಭೂಮಿಯೊಡೆಯನ ಮಗನಾದೆನು. ಋಣವುಳ್ಳವನು ಲೆಕ್ಕ ಕೇಳಬಾರದೆಂದು ಕೆಲವರು ಎಣಿಸಬಹುದು. ಆದರೆ ಪಡೆದವನೇ ಲೆಕ್ಕವನ್ನು ಸರಿಯಾಗಿ ಹೇಳದಿದ್ದರೆ, ಪಡೆಯದೆ ಹೋದವನ ಪಾಲು ಯಾವ ಪುಸ್ತಕದಲ್ಲಿಯೂ ದಾಖಲಾಗದೆ ಹೋದೀತೆಂಬ ಭಯ ನನಗುಂಟು.

ಸಮಾಜವಾದವೆಂಬ ಮಾತು ನಮ್ಮ ಸೀಮೆಗೆ ಪುಸ್ತಕದಿಂದ ಬಂದುದಕ್ಕಿಂತ ಹೆಚ್ಚಾಗಿ ಕೊಳಗದಿಂದ ಬಂದಿತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಲ್ಲಿ ಆರಂಭವಾದ ಸತ್ಯಾಗ್ರಹದ ಮೂಲವನ್ನು ಹುಡುಕುತ್ತ ಹೋದರೆ, ಎಚ್. ಗಣಪತಿಯಪ್ಪನವರು ಸಂಘಟಿಸಿದ ದೀವರ ಒಕ್ಕಲುಗಳು ಎತ್ತಿದ ದೂರುಗಳ ನಡುವೆ, ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗದ ಗಾತ್ರವನ್ನು ಕುರಿತ ದೂರು ಕಾಣಸಿಗುತ್ತದೆ. ಒಕ್ಕಲಿನಿಂದ ಪಡೆಯುವಾಗ ಹಿರಿದಾದ ಕೊಳಗ, ಒಕ್ಕಲಿಗೆ ಕೊಡುವಾಗ ಕಿರಿದಾದ ಕೊಳಗ: ಶತಮಾನಗಳ ಅನ್ಯಾಯವನ್ನು ಒಂದು ಪಾತ್ರೆಯೊಳಗೆ ತುಂಬಿ ತೋರಿಸಿದಂತಿದ್ದ ಈ ದೂರನ್ನು ಎತ್ತಿಹಿಡಿಯಲು ಸಮಾಜವಾದಿ ಪಕ್ಷದವರು ಬಂದರು, ರಾಮಮನೋಹರ ಲೋಹಿಯಾ ಅವರು ಬಂದು ಬಂಧಿತರಾದರು, ಶಾಂತವೇರಿ ಗೋಪಾಲಗೌಡರು ಆ ಹೋರಾಟದಿಂದಲೇ 1952ರ ವಿಧಾನಸಭೆಗೆ ನಡೆದುಹೋದರು. ಅರಸರು ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿದ್ದು 1972ರ ಮಾರ್ಚ್ 20ರಂದು. ಗೋಪಾಲಗೌಡರು ತೀರಿಕೊಂಡದ್ದು ಅದೇ ವರ್ಷದ ಜೂನ್ 9ರಂದು. ಬಿರುದನ್ನು ಬೀದಿಯಲ್ಲಿ ದುಡಿದು ಸಂಪಾದಿಸಿದವರು ಅಧಿಕಾರದ ಬಾಗಿಲನ್ನು ಕಾಣದೆಯೇ ಹೋದರು. ಅಧಿಕಾರದಲ್ಲಿದ್ದ ಕಾಂಗ್ರೆಸ್ ಪಕ್ಷಕ್ಕೆ ಆ ಬಿರುದು, 1955ರ ಆವಡಿ ಅಧಿವೇಶನದ ನಿರ್ಣಯದಿಂದಲೂ 1971ರ ಚುನಾವಣೆಯ ಘೋಷಣೆಯಿಂದಲೂ, ಬಹುಮಟ್ಟಿಗೆ ಶ್ರಮವಿಲ್ಲದೆ ಲಭಿಸಿತು.

ಹಾಗಿದ್ದರೂ ಅರಸರನ್ನು ಘೋಷಣೆಯ ಮನುಷ್ಯರೆಂದು ತಳ್ಳಿಹಾಕಲಾಗದು. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿಯಾಗಿದ್ದ ಅವರು, ಜತ್ತಿಯವರ ಸಮಿತಿಯ ವರದಿಯ ಮೇಲೆ ರಚಿತವಾದ 1961ರ ಭೂಸುಧಾರಣಾ ಕಾಯಿದೆ ಹೇಗೆ ಭೂಮಾಲೀಕನಿಗೆ ‘ಸ್ವಂತ ಸಾಗುವಳಿ’ಯ ಹೆಸರಿನಲ್ಲಿ ಒಕ್ಕಲನ್ನು ಬಿಡಿಸಿ ಭೂಮಿಯನ್ನು ಹಿಂದಕ್ಕೆ ಪಡೆಯುವ ದಾರಿಯನ್ನು ತೆರೆದಿಟ್ಟಿತ್ತೆಂಬುದನ್ನು ಹತ್ತಿರದಿಂದ ಬಲ್ಲವರಾಗಿದ್ದರು. ಆ ದಾರಿಯನ್ನು ಮುಚ್ಚಿದವರು ಅವರೇ. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿಯ ಭೂಮಿಯೆಲ್ಲವೂ ಒಂದೇ ದಿನದಲ್ಲಿ ಸರ್ಕಾರದ ಸ್ವಾಧೀನಕ್ಕೆ ಬಂದಿತು. ಸೈನಿಕರದು, ನಾವಿಕರದು ಎಂಬ ಅಲ್ಪ ವಿನಾಯಿತಿಯನ್ನು ಬಿಟ್ಟರೆ ಗೇಣಿಯೆಂಬ ಪದ್ಧತಿಯೇ ಅಳಿಯಿತು. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ಭೂನ್ಯಾಯಮಂಡಲಿಗಳು ರಚಿತವಾದುವು. ಅವುಗಳಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರಿದ ಒಬ್ಬ ಸದಸ್ಯನಾದರೂ ಇರತಕ್ಕದ್ದೆಂದೂ, ಅವುಗಳ ಮುಂದೆ ವಕೀಲರು ನಿಲ್ಲಕೂಡದೆಂದೂ ಕಾನೂನು ವಿಧಿಸಿತು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಚಾಲಗೇಣಿ ಒಕ್ಕಲುಗಳೇ ಹೆಚ್ಚಾಗಿ ಮುಂದೆ ಬಂದು ಸಲ್ಲಿಸಿದ ಅರ್ಜಿಗಳ ಸಂಖ್ಯೆ ರಾಜ್ಯದಲ್ಲಿ 8 ಲಕ್ಷವನ್ನು ಮೀರಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಾಲಕ್ರಮದಲ್ಲಿ ಒಕ್ಕಲಿನ ಪರವಾಗಿ ತೀರ್ಮಾನವಾದುವು.

ನಮ್ಮ ತಂದೆಯವರ ಅರ್ಜಿಯ ವಿಚಾರಣೆಯ ದಿನ ನಾನೂ ತಾಲ್ಲೂಕು ಕಚೇರಿಗೆ ಹೋಗಿದ್ದೆನು. ಭೂಮಿಯೊಡೆಯರು ಎದುರಿನ ಕುರ್ಚಿಯಲ್ಲಿ ಕುಳಿತಿದ್ದರು. ತಂದೆಯವರಿಗೂ ಒಂದು ಕುರ್ಚಿಯನ್ನು ತೋರಿಸಲಾಯಿತು; ಅವರು ಕೂರಲಿಲ್ಲ. ‘ಕೂತ್ಕೊಳ್ಳಿ ಗೌಡ್ರೇ’ ಎಂದು ಅಧ್ಯಕ್ಷರು ಎರಡನೆಯ ಸಲ ಹೇಳಿದ ಮೇಲೆ, ಕುರ್ಚಿಯ ಅಂಚಿನಲ್ಲಿ, ಹೆಗಲ ವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು, ಮುಂದಕ್ಕೆ ಬಾಗಿ ಕುಳಿತರು. ಆ ಒಡೆಯರ ಸಮ್ಮುಖದಲ್ಲಿ ಅವರು ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ಅರಸರ ಕಾನೂನು ನಮಗೇನು ಕೊಟ್ಟಿತೆಂದು ಯಾರಾದರೂ ಕೇಳಿದರೆ ನಾನು ಪಹಣಿಗಿಂತ ಮುಂಚೆ ಆ ಕುರ್ಚಿಯನ್ನು ನೆನೆಯುತ್ತೇನೆ.

ಇನ್ನು ಇದೇ ಕಾನೂನನ್ನು ಇನ್ನೊಂದು ಮಗ್ಗುಲಿನಿಂದ ನೋಡಬೇಕು. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಅಂದು ಗೋಡೆಗೋಡೆಯ ಮೇಲಿತ್ತು. ಆದರೆ ಉಳುವವನು ಯಾರೆಂಬುದನ್ನು ನಿರ್ಣಯಿಸುವುದು ಗೋಡೆಯ ಬರಹವಾಗಿರಲಿಲ್ಲ, ಕಾಯಿದೆಯ ಪರಿಭಾಷೆ. ಸ್ವಂತ ಸಾಗುವಳಿಯೆಂದರೆ ತನ್ನ ಅಥವಾ ತನ್ನ ಕುಟುಂಬದವರ ದುಡಿಮೆಯಿಂದ ಮಾಡುವುದೆಂದು ಮಾತ್ರವಲ್ಲದೆ, ತನ್ನ ಮೇಲ್ವಿಚಾರಣೆಯಲ್ಲಿ ಹಣವನ್ನೋ ಧಾನ್ಯವನ್ನೋ ಕೂಲಿಯಾಗಿ ಕೊಟ್ಟು ಆಳುಗಳಿಂದ ಮಾಡಿಸುವುದೂ ಆಗುತ್ತದೆಂದು ಆ ಪರಿಭಾಷೆ ಹೇಳಿತು. ಬೆಳೆಯಲ್ಲಿ ಪಾಲು ಪಡೆಯುವವನಿಗೆ ಹಕ್ಕಿನ ಎಡೆಯುಂಟು. ಕೂಲಿ ಪಡೆಯುವವನಿಗೆ ಇಲ್ಲ. ನೇಗಿಲಿನ ಮೇಣಿಯನ್ನು ಯಾರ ಕೈ ಹಿಡಿದಿತ್ತೆಂಬ ಪ್ರಶ್ನೆಯನ್ನು ಕಾನೂನು ಕೇಳಲೇ ಇಲ್ಲ.

ನಮ್ಮ ಮನೆಯಲ್ಲಿ ಆ ಮೇಣಿಯನ್ನು ಹಿಡಿದಿದ್ದ ಕೈ ನಮ್ಮದಲ್ಲ. ನನ್ನ ತಾತನ ಕಾಲದಿಂದಲೂ ನಮ್ಮ ಮನೆಗೆ ದುಡಿಯುತ್ತಿದ್ದ ಒಂದು ಕುಟುಂಬದ ಹಿರಿಯ ಮಗನದು ಅದು. ಕಾಲೇಜಿನಲ್ಲಿ ಓದುತ್ತಿದ್ದ ನಾನು ಜಗುಲಿಯ ಮೇಲೆ ಲಾಟೀನಿಟ್ಟುಕೊಂಡು ಗೇಣಿದಾರನ ಹಕ್ಕಿನ ಅರ್ಜಿಯಾದ ಫಾರಂ ಏಳನ್ನು ತುಂಬುತ್ತಿದ್ದ ರಾತ್ರಿ ಅವನು ಅಂಗಳದಲ್ಲಿ ಕಂಬಕ್ಕೆ ಒರಗಿ ನಿಂತಿದ್ದನು. ಸರ್ವೆ ನಂಬರು, ವಿಸ್ತೀರ್ಣ, ಒಡೆಯರ ಹೆಸರು, ಗೇಣಿಯ ಮೊತ್ತ ಇವನ್ನೆಲ್ಲ ನಾನು ಗಟ್ಟಿಯಾಗಿ ಓದುತ್ತ ಬರೆಯುತ್ತಿರಲು, ಬಹಳ ಹೊತ್ತು ಕೇಳುತ್ತಿದ್ದು, ‘ಸಣ್ಣಗೌಡ್ರೇ, ನನ್ನ ಹೆಸ್ರೂ ಬರೀತೀರೇನು ಅದ್ರಲ್ಲಿ?’ ಎಂದನು. ತಂದೆಯವರು ಎಲೆಯಡಿಕೆಯನ್ನು ಹಾಕಿಕೊಳ್ಳುತ್ತಿದ್ದವರು ತಲೆಯೆತ್ತಲಿಲ್ಲ. ನಾನು ‘ಇದು ಗೇಣಿಯವರಿಗೆ ಮಾತ್ರ’ ಎಂದೆನು. ಅವನು ‘ಹೌದಾ’ ಎಂದು ಲಾಟೀನಿನ ಬತ್ತಿಯನ್ನು ತುಸು ಏರಿಸಿ ಹೋದನು. ಕಾನೂನಿನ ಪ್ರಕಾರ ನಾನು ಹೇಳಿದ್ದು ಸರಿಯಾಗಿಯೇ ಇತ್ತು.

ಕೂಲಿಯವನಿಗೆ ಏನೂ ಇರಲಿಲ್ಲವೆಂದು ಹೇಳಿದರೆ ಅಪಚಾರವಾದೀತು. ಅವನು ವಾಸವಾಗಿದ್ದ ಗುಡಿಸಲಿನ ನೆಲ ಅವನಿಗೇ ಸೇರುವಂತೆ ಅದೇ ಕಾಯಿದೆಯಲ್ಲಿ ಏರ್ಪಾಡಿತ್ತು. 1976ರಲ್ಲಿ ಋಣಪರಿಹಾರದ ಕಾನೂನು ಬಂದಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿ ಪರರ ಕೈಸೇರದಂತೆ ತಡೆಯುವ 1978ರ ಕಾಯಿದೆಯೂ ಅರಸರ ಕಾಲದ್ದೇ. ಆದರೆ ಅವನಿಗೆ ಉಳುವ ಭೂಮಿ ದೊರೆಯಬೇಕಾಗಿದ್ದರೆ ಅದು ದೊರೆಯಬೇಕಾದದ್ದು ಭೂಮಿತಿಯ ಮೇಲಿನ ಹೆಚ್ಚುವರಿಯಿಂದ. ಆ ಮಿತಿಯಾದರೋ, ನೀರಾವರಿಯಿಲ್ಲದ ಖುಷ್ಕಿಯಲ್ಲಿ ಐವರ ಕುಟುಂಬಕ್ಕೆ 54 ಎಕರೆಯವರೆಗೆ ಹಬ್ಬಿತ್ತು. ಕಾಫಿ, ಏಲಕ್ಕಿ, ಮೆಣಸು, ರಬ್ಬರಿನ ತೋಟಗಳು ಮಿತಿಯ ಆಚೆಗೇ ಉಳಿದುವು. ಬಯಲುಸೀಮೆಯ ದೊಡ್ಡ ಹಿಡುವಳಿಗಳೂ ಘಟ್ಟದ ದೊಡ್ಡ ತೋಟಗಳೂ ಹೀಗೆ ಬಹುಮಟ್ಟಿಗೆ ಮುಟ್ಟದೆ ಉಳಿದಿರುವಾಗ, ಒಬ್ಬ ಖಾಸಗಿ ಒಡೆಯನಿಂದ ಇನ್ನೊಬ್ಬ ಖಾಸಗಿ ಒಡೆಯನಿಗೆ ಸ್ವತ್ತನ್ನು ವರ್ಗಾಯಿಸಿದ ಈ ಮಹತ್ಕಾರ್ಯವನ್ನು ಸಮಾಜವಾದವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಊಳಿಗಮಾನ್ಯವನ್ನು ಮುರಿಯಿತು, ಸಣ್ಣ ಹಿಡುವಳಿದಾರರ ಒಂದು ವರ್ಗವನ್ನು ಸೃಷ್ಟಿಸಿತು, ಆ ವರ್ಗದ ಮಕ್ಕಳನ್ನು ಶಾಲೆಗೆ ಕಳಿಸಿತು. ನಾನೇ ಅದರ ಫಲ. ಇಷ್ಟನ್ನು ಇಷ್ಟೆಂದೇ ಹೇಳಿದರೆ ಅರಸರ ಹಿರಿಮೆಗೆ ಕುಂದಿಲ್ಲ.

ಅವರ ನಿಜವಾದ ಸಾಧನೆಯಿರುವುದು, ನನ್ನ ಎಣಿಕೆಯಂತೆ, ಭೂಮಿಯ ಹಂಚಿಕೆಗಿಂತಲೂ ಅಧಿಕಾರದ ಹಂಚಿಕೆಯಲ್ಲಿ. ಮೈಸೂರಿನ ರಾಜಮನೆತನಕ್ಕೆ ಹತ್ತಿರವಾದ, ಆದರೆ ಮತಗಳ ಲೆಕ್ಕದಲ್ಲಿ ಕೈಬೆರಳೆಣಿಕೆಯಷ್ಟೇ ಆದ ಒಂದು ಜನಾಂಗದಲ್ಲಿ, ಹುಣಸೂರು ಸೀಮೆಯ ಕಲ್ಲಹಳ್ಳಿಯಲ್ಲಿ 1915ರಲ್ಲಿ ಜನಿಸಿದ ಈ ವ್ಯಕ್ತಿಗೆ, ರಾಜ್ಯದ ಎರಡು ಪ್ರಬಲ ಸಮುದಾಯಗಳನ್ನು ಆಶ್ರಯಿಸದೆ ಆಳಬೇಕಾದರೆ, ಅಲ್ಲಿಯವರೆಗೆ ವಿಧಾನಸೌಧದ ಮೆಟ್ಟಿಲನ್ನೇ ಕಾಣದಿದ್ದ ಸಣ್ಣಸಣ್ಣ ಜಾತಿಗಳನ್ನು ಒಂದುಗೂಡಿಸುವುದಲ್ಲದೆ ಬೇರೆ ದಾರಿಯಿರಲಿಲ್ಲ. 1972ರಲ್ಲಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು 1975ರಲ್ಲಿ ಸಲ್ಲಿಸಿದ ವರದಿ, ಯಾರೂ ಹೆಸರು ಹಿಡಿದು ಕರೆಯದಿದ್ದ ಜಾತಿಗಳನ್ನು ಹೆಸರು ಹಿಡಿದು ಸರ್ಕಾರದ ಕಡತದೊಳಕ್ಕೆ ಕರೆತಂದಿತು. ಅಗಸ, ಕುಂಬಾರ, ಕ್ಷೌರಿಕ, ಬೆಸ್ತರ ಮನೆಗಳ ಹುಡುಗರು ಕಚೇರಿಯ ಮೇಜಿನ ಈಚೆಯಿಂದ ಆಚೆಗೆ ಹೋದದ್ದು ಸಣ್ಣ ಮಾತಲ್ಲ. ಸ್ವಾರ್ಥದಿಂದ ಆರಂಭವಾದ ಕಾರ್ಯವೂ ನ್ಯಾಯದಲ್ಲಿ ಮುಗಿಯಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಮ್ಮ ರಾಜ್ಯದ ಚರಿತ್ರೆಯಲ್ಲಿ ನಾನು ಕಂಡಿಲ್ಲ. ಆದರೆ ಇಲ್ಲಿಯೂ ಒಂದು ಎಲ್ಲೆಯಿತ್ತು: ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ದಲಿತ ಮಂತ್ರಿ ಬಸವಲಿಂಗಪ್ಪನವರು, ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚೆಂದ ಮಾತಿಗೆ 1973ರಲ್ಲಿ ಬೂಸಾ ಪ್ರಕರಣದ ಗದ್ದಲವೆದ್ದಾಗ, ಅದೇ ಸಂಪುಟದಿಂದ ಹೊರನಡೆಯಬೇಕಾಯಿತು.

ಬಿರುದಿನ ಅತಿ ಕಠಿನವಾದ ಪರೀಕ್ಷೆ ನಡೆದದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಲೋಹಿಯಾ ಅವರ ವಿಚಾರಗಳನ್ನು ನಂಬಿ ಬಾಳಿದ, ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಾವೆಲ್ಲ ಕಂಡ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಲಾಯಿತು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಉಬ್ಬಸದಿಂದ ನರಳುತ್ತ ಎಂಟು ತಿಂಗಳು ಕಳೆದ ಆಕೆಯನ್ನು 1977ರ ಜನವರಿ 15ರಂದು ಹೊರಗೆ ಬಿಟ್ಟರು. ಜನವರಿ 20ರಂದು ಆಕೆ ತೀರಿಕೊಂಡರು. ನಲವತ್ತೆರಡನೆಯ ತಿದ್ದುಪಡಿಯ ಮೂಲಕ ‘ಸಮಾಜವಾದಿ’ ಎಂಬ ಶಬ್ದವು ಸಂವಿಧಾನದ ಪೀಠಿಕೆಯಲ್ಲಿ ಜಾರಿಗೆ ಬಂದದ್ದು ಅದೇ ತಿಂಗಳ 3ರಂದು. ಶಬ್ದವು ಗ್ರಂಥದೊಳಗೆ ಪ್ರವೇಶಿಸಿದ ಆ ದಿನ, ಆ ಶಬ್ದವನ್ನು ಬಾಳಿದ ಒಬ್ಬ ಹೆಣ್ಣುಮಗಳು ಅರಸರ ಸರ್ಕಾರದ ಸೆರೆಮನೆಯಲ್ಲಿ ಉಸಿರಿಗಾಗಿ ಹೆಣಗುತ್ತಿದ್ದರು. ಆಜ್ಞೆ ದೆಹಲಿಯದೆಂದು ಹೇಳುವವರುಂಟು. ಉತ್ತರದ ರಾಜ್ಯಗಳಲ್ಲಿ ಕಂಡ ಅತಿರೇಕಗಳು ಇಲ್ಲಿ ಅಷ್ಟಾಗಿ ಕಾಣಲಿಲ್ಲವೆಂಬುದನ್ನೂ ನಾನು ಒಪ್ಪುವೆನು. ಆದರೆ ಸೆರೆಮನೆ ರಾಜ್ಯದ್ದು, ಅದರ ವೈದ್ಯರು ರಾಜ್ಯದವರು, ಬೀಗದ ಕೈ ರಾಜ್ಯದ ಬಳಿಯಿತ್ತು. ಈ ಒಂದು ಪುಟವನ್ನು ಹಾರಿಸಿ ಅರಸರ ಪ್ರಶಸ್ತಿಯನ್ನು ಓದುವವರನ್ನು ಕಂಡಾಗ ನನಗೆ ಸಹಿಸಲಾಗದ ಸಂಕಟವಾಗುತ್ತದೆ.

ಅರಸರ ಮೇಲಿನ ಭ್ರಷ್ಟಾಚಾರದ ಆರೋಪಗಳನ್ನು ವಿಚಾರಿಸಿದ ಗ್ರೋವರ್ ಆಯೋಗದ ವಿಷಯವನ್ನು ನಾನು ವಿಸ್ತರಿಸುವುದಿಲ್ಲ. 1977ರಲ್ಲಿ ಕೇಂದ್ರವು ಅದನ್ನು ನೇಮಿಸಿದ್ದರಲ್ಲಿ ರಾಜಕೀಯವೂ ಬೆರೆತಿತ್ತು, ವಿಚಾರಣೆಗೆ ತಕ್ಕ ಆರೋಪಗಳೂ ಇದ್ದುವು. ವ್ಯಕ್ತಿಯ ಶುದ್ಧಿ ಒಂದು ಪ್ರಶ್ನೆ, ಬಿರುದಿನ ಸತ್ಯ ಇನ್ನೊಂದು. ಎರಡನ್ನೂ ಕಲಸಿದರೆ ಎರಡೂ ಕೆಡುವುವು.

ಬಿರುದಿನಿಂದ ಆಗತಕ್ಕುದೇನು, ಕೆಲಸವಾದರೆ ಸಾಲದೇ, ಎಂದು ಮಿತ್ರರೊಬ್ಬರು ನನ್ನನ್ನು ಕೇಳಿದರು. ಸಾಲದೆಂದೇ ನನ್ನ ಉತ್ತರ. ಅರಸರು ಸಮಾಜವಾದವನ್ನು ತಂದರೆಂದು ನಂಬಿದ ಸಮಾಜವು, ತರಬೇಕಾದದ್ದೆಲ್ಲ ಬಂದಾಯಿತೆಂದು ನೆಮ್ಮದಿಯಿಂದ ಪುಸ್ತಕವನ್ನು ಮುಚ್ಚುತ್ತದೆ. ಗೇಣಿದಾರನ ಸಾಲ ತೀರಿದ ದಿನವೇ ಕೂಲಿಯವನ ಸಾಲವೂ ತೀರಿತೆಂದು ಬರೆದುಕೊಳ್ಳುತ್ತದೆ. ಉಳುವವನೆಂಬ ಶಬ್ದದ ಅಡಿಯಲ್ಲಿ ನಿಜವಾಗಿ ಉತ್ತವನು ಮರೆಯಾದಂತೆ, ಸಮಾಜವಾದಿಯೆಂಬ ಶಬ್ದದ ಅಡಿಯಲ್ಲಿ ಅರಸರ ನಿಜವಾದ ಕಾರ್ಯವೂ ಮರೆಯಾಗುತ್ತದೆ, ಅವರು ಮಾಡದೆ ಬಿಟ್ಟದ್ದೂ ಮರೆಯಾಗುತ್ತದೆ. ಅರಸರು 1982ರ ಜೂನ್ 6ರಂದು ತೀರಿಕೊಂಡಾಗ ನಮ್ಮ ಊರಿನಲ್ಲಿ ಅತ್ತವರಲ್ಲಿ ನನ್ನ ತಂದೆಯವರು ಒಬ್ಬರು. ಅಂಗಳದ ಆ ಮನುಷ್ಯನೂ ಅತ್ತನು. ಅವನು ಯಾವುದಕ್ಕಾಗಿ ಅತ್ತನೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಒಡೆಯರಿಗೆ ಗೇಣಿ ಅಳೆಯುವುದು ನಿಂತ ಮೇಲೆ ನಮ್ಮ ಮನೆಯ ಹಳೆಯ ಕೊಳಗ ಅಟ್ಟ ಸೇರಲಿಲ್ಲ. ಪ್ರತಿವರ್ಷ ಸುಗ್ಗಿಯಲ್ಲಿ ತಂದೆಯವರು ಅವನ ಕೂಲಿಯ ಭತ್ತವನ್ನು ಅದರಿಂದಲೇ ಅಳೆದು ಕೊಡುತ್ತಿದ್ದರು. ಅವನು ಗೋಣಿಯ ಬಾಯನ್ನು ಅಗಲಿಸಿ ಹಿಡಿದು ನಿಲ್ಲುವನು. ತಂದೆಯವರು ಕೊಳಗವನ್ನು ರಾಶಿಯೊಳಕ್ಕೆ ಅದ್ದಿ ಎತ್ತಿ, ಬಾಯಿಂದ ಮೇಲೆ ನಿಂತ ಭತ್ತವನ್ನು ಅಂಗೈಯಿಂದ ರಾಶಿಗೇ ಸವರಿ, ಸಮವಾದ ಮೇಲೆ ಸುರಿಯುವರು. ಲೆಕ್ಕವನ್ನು ಬರೆದುಕೊಳ್ಳುತ್ತಿದ್ದವನು ನಾನು.